ಪಡುಗುಡ್ಡೆ ಹೈಟ್ಸಿನ ಬೆನ್ನುನೋವು

ಆ ಭಾನುವಾರದ ಜನರಲ್ ಬಾಡಿ ಮೀಟಿಂಗಿಗೆ ಬಂದವರು ಮೂರೇ ಜನ. ಒಬ್ಬಳು ಮೀಟಿಂಗ್ ಕರೆದ ಸೆಕ್ರೆಟರಿ ವಾರಿಜಾಕ್ಷಿ. ಇನ್ನೊಬ್ಬರು ಖಜಾಂಚಿ ಇದಿನಬ್ಬ. ಮಂಗಳೂರಿನ ಬಂದರಿನ ದಕ್ಕೆಯಲ್ಲಿ ಮೀನಿನ ಸಗಟು ವ್ಯಾಪಾರ ಮುಗಿಸಿ ನೇರ ಬಂದಿದ್ದ ಅವರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಮೂರನೆಯವರು ನೆಲಮಹಡಿಯ ಡಾಕ್ಟರ್ ಎಡ್ಮಂಡ್ ಲೋಬೊ. ಇಗರ್ಜಿಯಿಂದ ಮರಳುವಾಗ ಮೀಟಿಂಗ್ ಹಾಲಿನ ಬಾಗಿಲು ತೆರೆದದ್ದು ಕಂಡು ಇಣುಕಿದ ಪಾಪದ ಮನುಷ್ಯನನ್ನು ವಾರಿಜಾಕ್ಷಿ ಬಲವಂತದಿಂದ ಕೂರಿಸಿಕೊಂಡಿದ್ದಳು. ಉಳಿದಂತೆ ಸಾಲು ಸಾಲಾಗಿ ಹಾಕಿದ ಖಾಲಿ ಕುರ್ಚಿಗಳು.

ಪಡುಗುಡ್ಡೆ ಹೈಟ್ಸ್ ಎಂದರೆ ಕೆಂಪು ಮುರಕಲ್ಲಿನ ಗುಡ್ಡೆಯ ಸೊಂಟ ಕಡಿದು ಎಬ್ಬಿಸಿದ ಆರು ಮಹಡಿಯ ಕಟ್ಟಡ. ಮುಂದೆ ರಸ್ತೆ, ಅದರಾಚೆ ತೆಂಗಿನ ತಲೆಗಳ ಮೇಲೆ ಒಂದು ಗೆರೆಯಷ್ಟು ಸಮುದ್ರ. ಹಿಂದೆ, ಕಡಿದ ಗುಡ್ಡೆ ಜಾರದಿರಲೆಂದು ಕಟ್ಟಿದ ಎತ್ತರದ ತಡೆಗೋಡೆ. ಫ್ಲ್ಯಾಟುಗಳ ಒಳಗೆ ಹೋಗಿ ನೋಡಿದರೆ ಒಂದಕ್ಕಿಂತ ಒಂದು ಚೆಂದ. ಹೊಸಿಲು ದಾಟಿ ಈಚೆ ಬಂದರೆ ಮಾತ್ರ ಅದು ಯಾರದೂ ಅಲ್ಲದ ರಾಜ್ಯ. ಟ್ಯಾಂಕು ಸೋರುತ್ತಿತ್ತು, ಮೆಟ್ಟಿಲ ದೀಪಗಳು ಸತ್ತಿದ್ದವು, ತಡೆಗೋಡೆಯ ನೀರು ಬಸಿಯುವ ತೂತುಗಳಲ್ಲಿ ಹುಲ್ಲು ಬೆಳೆದಿತ್ತು. ಲಿಫ್ಟ್ ನಡುವೆ ನಿಂತಿತೆಂದು ವಾರಿಜಾಕ್ಷಿ ವಾಟ್ಸಾಪ್ ಗ್ರೂಪಿನಲ್ಲಿ ಬರೆದರೆ ಕೈಮುಗಿಯುವ ಚಿತ್ರಗಳು ಬರುತ್ತಿದ್ದವು, ಮನುಷ್ಯರು ಬರುತ್ತಿರಲಿಲ್ಲ. ಐದನೇ ಮಹಡಿಯ ಸುಕೇಶ ಭಂಡಾರಿಯಂತೂ ಬಾಯಿ ಬಿಟ್ಟೇ ಹೇಳಿದ್ದ: “ಅಕ್ಕ, ನೀವು ಎಂತ ಮಾಡಿದ್ರೂ ನನ್ನ ಒಪ್ಪಿಗೆ ಉಂಟು. ಕೆಳಗೆ ಕರಿಯುದು ಮಾತ್ರ ಬೇಡ.” ಬೇರೆಯವರ ಮಾತೇಕೆ, ಸೆಕ್ರೆಟರಿಯ ಗಂಡ ಮೋನಪ್ಪನೇ ಆ ಹೊತ್ತಿಗೆ ಮೇಲೆ ಸೋಫಾದಲ್ಲಿ ಕಾಲು ಚಾಚಿ ಕ್ರಿಕೆಟ್ ನೋಡುತ್ತಿದ್ದ.

“ವಾರಿಜಕ್ಕ, ನಿಮ್ಮ ಕಾಲು!” ಲೋಬೊ ಥಟ್ಟನೆ ಎದ್ದರು.

ವಾರಿಜಾಕ್ಷಿ ತಿರುಗಿ ನೋಡಿದಳು. ಹಾಲಿನ ಬಾಗಿಲಿನಿಂದ ಅವಳ ಕುರ್ಚಿಯವರೆಗೆ ಬಿಳಿ ಟೈಲ್ಸಿನ ಮೇಲೆ ಕೆಂಪು ಹೆಜ್ಜೆಗಳು ಬಿದ್ದಿದ್ದವು. ಚಪ್ಪಲಿ ಬಿಡುವ ಜಾಗದಲ್ಲಿ ಒಡೆದ ಟ್ಯೂಬ್‌ಲೈಟಿನ ಚೂರುಗಳನ್ನು ಯಾರೂ ಗುಡಿಸಿರಲಿಲ್ಲ. ಅದರಲ್ಲಿ ಒಂದು ಅವಳ ಅಂಗಾಲಿನಲ್ಲಿ ಆಳವಾಗಿ ಕೂತಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಅವಳ ಪಾದಗಳ ಸ್ಪರ್ಶವನ್ನು ಒಯ್ದು ವರ್ಷಗಳೇ ಆಗಿದ್ದವು.

ಲೋಬೊ ಇಂಥ ಪಾದಗಳದ್ದೇ ಡಾಕ್ಟರು. ಮನೆಯಿಂದ ಪೆಟ್ಟಿಗೆ ತಂದು, ನೆಲದ ಮೇಲೆ ಕೂತು ಚೂರನ್ನು ಕಿತ್ತರು. ವಾರಿಜಾಕ್ಷಿ ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತ ಕೂತಳು.

“ನಾನು ಪೇಶೆಂಟುಗಳಿಗೆ ಯಾವಾಗ್ಲೂ ಹೇಳುದುಂಟು,” ಎಂದರು ಲೋಬೊ, ಪಟ್ಟಿ ಸುತ್ತುತ್ತ. “ಕಾಲನ್ನು ತಿನ್ನುದು ಕಾಯಿಲೆ ಅಲ್ಲ, ಉದಾಸೀನ. ನೋವಾಗದ ಜಾಗವನ್ನು ಮನುಷ್ಯ ತಿರುಗಿಯೂ ನೋಡುದಿಲ್ಲ. ಹಾಗೆ ಕೊಳೆಯುದು ಅದು.” ಅವರ ಕೈ ನಿಂತಿತು. ಖಾಲಿ ಕುರ್ಚಿಗಳ ಮೇಲೆ ಕಣ್ಣು ಹಾಯಿಸಿದರು. “ಈ ಬಿಲ್ಡಿಂಗಿಗೂ ಅದೇ ಕಾಯಿಲೆ ಅಲ್ವಾ ವಾರಿಜಕ್ಕ? ಟ್ಯಾಂಕ್ ಒಡೆದ್ರೆ ಇವರಿಗೆ ನೋವಾಗುದಿಲ್ಲ. ನೋವಾಗುವ ಹಾಗೆ ಮಾಡಿದ್ರೆ?”

ವಾರಿಜಾಕ್ಷಿ ನಕ್ಕಳು. ಲೋಬೊ ನಗಲಿಲ್ಲ.

ಪಂಪ್ ರೂಮಿನ ಪಕ್ಕದ ಹಳೆಯ ಸ್ಟೋರ್ ರೂಮು ಲೋಬೊ ಅವರ ಪ್ರಯೋಗಶಾಲೆಯಾಯಿತು. ಆಸ್ಪತ್ರೆಯಲ್ಲಿ ಅವರು ಸ್ಪರ್ಶ ಕಳೆದುಕೊಂಡವರಿಗೆ ಒಂದು ಬಗೆಯ ಚಪ್ಪಲಿ ಮಾಡಿಸಿಕೊಟ್ಟಿದ್ದರು. ಅದರ ಅಟ್ಟೆಗೆ ಕಲ್ಲು ಚುಚ್ಚಿದರೆ ಮೊಣಕಾಲಿನ ಮೇಲೆ, ಇನ್ನೂ ನರ ಬದುಕಿರುವಲ್ಲಿ, ಸಣ್ಣ ನಡುಕ ಹುಟ್ಟುತ್ತಿತ್ತು. ಮೊದಮೊದಲು ರೋಗಿ “ಮೊಣಕಾಲಿನ ಹತ್ರ ಎಂತದ್ದೋ ನಡುಗ್ತದೆ” ಅನ್ನುತ್ತಿದ್ದ. ಕೆಲವು ವಾರ ಕಳೆದರೆ ಅದೇ ಮನುಷ್ಯ “ಅಯ್ಯೋ, ಅಂಗಾಲು” ಎಂದು ಕಾಲೆತ್ತುತ್ತಿದ್ದ.

“ಮಿದುಳಿಗೆ ತನ್ನ ಮೈ ಎಲ್ಲಿ ಮುಗಿತದೆ ಅಂತ ಸರಿಯಾಗಿ ಗೊತ್ತಿಲ್ಲ,” ಎಂದು ಲೋಬೊ ವಿವರಿಸಿದರು. “ತನ್ನೊಟ್ಟಿಗೆ ಮಿಡಿಯುದನ್ನೆಲ್ಲ ಅದು ನಿಧಾನಕ್ಕೆ ತನ್ನದು ಅಂದುಕೊಳ್ತದೆ. ಕುರುಡನಿಗೆ ಕೋಲಿನ ತುದಿಯಲ್ಲಿ ನೆಲ ಸಿಗುದಿಲ್ವಾ? ಹಾಗೆ.”

ಅವರ ಯೋಚನೆ ಸರಳವಾಗಿತ್ತು. ಟ್ಯಾಂಕು, ಪೈಪು, ಲಿಫ್ಟು, ತಂತಿ, ಕಸದ ತೊಟ್ಟಿ, ತಡೆಗೋಡೆ ಎಲ್ಲ ಕಡೆ ಸಣ್ಣ ಸೆನ್ಸರುಗಳು. ಅವು ಕಂಡದ್ದನ್ನು ಒಂದು ಕಂಪ್ಯೂಟರ್ ನಡುಕವಾಗಿ ಬದಲಿಸಿ, ಕಟ್ಟಡದ ಕಂಬಗಳಿಗೆ ಬಿಗಿದ ಯಂತ್ರಗಳಿಗೆ ಕಳಿಸುತ್ತದೆ. ಕಿವಿಗೆ ಕೇಳದಷ್ಟು ತಗ್ಗಿನ ಕಂಪನ. ನೆಲದ ಮೇಲೆ ನಿಂತವರ, ಮಂಚದಲ್ಲಿ ಮಲಗಿದವರ ಮೂಳೆಯೊಳಗೆ ಅದು ಹಗಲಿರುಳು ಇಳಿಯುತ್ತದೆ. ಯಾವ ಕಂಪನಕ್ಕೆ ಯಾವ ನೋವು ಎಂದು ಯಾರೂ ಕಲಿಸಬೇಕಿಲ್ಲ, ಮೈ ತಾನೇ ಕಲಿತುಕೊಳ್ಳುತ್ತದೆ.

“ಎಲ್ಲರ ಒಪ್ಪಿಗೆ ಬೇಕಲ್ಲ ಡಾಕ್ಟ್ರೆ?”

“ನಿಯಮ ನಿಮಗೇ ಗೊತ್ತುಂಟಲ್ಲ.”

ಗೊತ್ತಿತ್ತು. ಕೋರಂ ಆಗದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಬೇಕು. ಆಮೇಲೆ ಹಾಜರಿದ್ದವರು ಎಷ್ಟೇ ಇರಲಿ, ಅವರ ತೀರ್ಮಾನ ಎಲ್ಲರ ತೀರ್ಮಾನ. ಮುಂದಿನ ಸಭೆಗೂ ಯಾರೂ ಬರಲಿಲ್ಲ. ಖಾಲಿ ಕುರ್ಚಿಗಳ ಎದುರು ಮೂರು ಕೈಗಳು ಮೇಲೆದ್ದವು. “ಒಳ್ಳೆ ಕೆಲಸ ಅಲ್ವಾ, ಮಾಡುವ,” ಎಂದರು ಇದಿನಬ್ಬ. ವಾರಿಜಾಕ್ಷಿ ವಿಷಯವನ್ನೆಲ್ಲ ವಿವರವಾಗಿ ಬರೆದು ಲಿಫ್ಟಿನ ಪಕ್ಕದ ಬೋರ್ಡಿಗೆ ಅಂಟಿಸಿದಳು. ಅದನ್ನು ಯಾರೂ ಓದಲಿಲ್ಲ. ಓದದ್ದು ಅವಳಿಗೆ ಒಂದು ಬಗೆಯ ಹಗೆಯ ಸಮಾಧಾನವನ್ನೇ ಕೊಟ್ಟಿತು.

“ಒಂದು ಮಾತು,” ಎಂದರು ಲೋಬೊ, ಯಂತ್ರ ಚಾಲೂ ಮಾಡುವ ದಿನ. “ಇದು ಎಲ್ಲರಿಗೆ ಹತ್ತಿದ್ರೂ ನಿಮಗೆ ಹತ್ತುದಿಲ್ಲ. ನಿಮ್ಮ ನರ ಹೆಚ್ಚುಕಡಿಮೆ ಸೊಂಟದವರೆಗೂ ಮಂದ ಆಗಿದೆ.”

“ನಂಗೆ ಬೇಡ ಬಿಡಿ. ನಂಗೆ ಈಗಾಗಲೇ ಸಾಕಷ್ಟು ನೋವುಂಟು ಇದರದ್ದು,” ಎಂದಳು ವಾರಿಜಾಕ್ಷಿ.

ಫಲ ಕಾಣಲು ಸುಮಾರು ಒಂದು ತಿಂಗಳು ಬೇಕಾಯಿತು. ಒಂದು ಬೆಳಿಗ್ಗೆ ಸುಕೇಶ ಭಂಡಾರಿ ಬನಿಯನ್ನಿನಲ್ಲೇ ಕೆಳಗಿಳಿದು ಬಂದು, “ಅಕ್ಕ, ಮೇಲಿನ ಟ್ಯಾಂಕಲ್ಲಿ ನೀರುಂಟಾ? ಒಮ್ಮೆ ನೋಡಿ, ಯಾಕೋ ಬಾಯಿ ಒಣಗ್ತಾ ಉಂಟು,” ಎಂದ. ಮಾತು ಮುಗಿದ ಮೇಲೆ ಎರಡಕ್ಕೂ ಏನು ಸಂಬಂಧ ಎಂದು ಅವನಿಗೇ ಹೊಳೆಯದೆ ಪೆಚ್ಚಾಗಿ ನಿಂತ. ಟ್ಯಾಂಕು ನಿಜಕ್ಕೂ ಖಾಲಿಯಾಗಿತ್ತು. ಅವನೇ ಮೇಲೆ ಹತ್ತಿ ಸಿಕ್ಕಿಕೊಂಡಿದ್ದ ವಾಲ್ವನ್ನು ಸರಿಪಡಿಸಿದ.

ಆಮೇಲೆ ಒಬ್ಬೊಬ್ಬರಾಗಿ ಇಳಿದು ಬರತೊಡಗಿದರು. ಲಿಫ್ಟಿನ ಹಗ್ಗ ಸವೆದರೆ ಮೊಣಕಾಲು ಹಿಡಿದುಕೊಂಡು ಬರುತ್ತಿದ್ದರು. ಕಸ ತುಂಬಿದರೆ ಹೊಟ್ಟೆ ತೊಳಸಿ ಬರುತ್ತಿದ್ದರು. ಇದಿನಬ್ಬ ಮಾರ್ಕೆಟ್ಟಿನಿಂದ ಬಂದವರೇ ಚರಂಡಿಗೆ ಕೈ ಹಾಕಿ, “ಈಗ ಉಸಿರು ಬಂತು ಮಾರಾಯ್ರೆ” ಎನ್ನುತ್ತಿದ್ದರು. ಮೋನಪ್ಪ ಮ್ಯಾಚನ್ನು ಅರ್ಧಕ್ಕೆ ಬಿಟ್ಟು ಗೇಟಿನ ಕೀಲುಗಳಿಗೆ ಎಣ್ಣೆ ಬಿಡುತ್ತಿರುವುದನ್ನು ಬಾಲ್ಕನಿಯಿಂದ ಕಂಡಾಗ ವಾರಿಜಾಕ್ಷಿಯ ಕಣ್ಣಲ್ಲಿ ನೀರು ಬಂತು. ಮದುವೆಯಾದಂದಿನಿಂದ ಒಂದು ಮೊಳೆ ಹೊಡೆಯದ ಗಂಡಸು! ಮುಂದಿನ ಜನರಲ್ ಬಾಡಿ ಮೀಟಿಂಗಿಗೆ ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂತರು. ಬೋರ್ಡಿಗೆ ಅಂಟಿಸಿದ ಕಾಗದವನ್ನು ವಾರಿಜಾಕ್ಷಿ ಓದಿ ಹೇಳಿದಾಗಲೂ ಯಾರೂ ಸಿಟ್ಟಾಗಲಿಲ್ಲ. “ಒಳ್ಳೇದೇ ಆಯ್ತಲ್ಲ,” ಎಂದರು.

ಅವಳಿಗೆ ಮೊದಲ ಬಾರಿಗೆ ಮೈ ಜುಮ್ಮೆಂದದ್ದು ಮೂರನೇ ಮಹಡಿಯ ಬೀಗ ಹಾಕಿದ ಫ್ಲ್ಯಾಟಿನ ವಿಷಯದಲ್ಲಿ. ಅದರ ಮಾಲೀಕ ಅಶ್ವಿನ್ ಕುಂದರ್ ರಿಯಾದಿನಲ್ಲಿದ್ದ. ಒಂದು ಮಧ್ಯಾಹ್ನ ಅವಳು ತರಕಾರಿ ತಂದು ಲಿಫ್ಟಿನಿಂದ ಹೊರಬಂದರೆ, ಆ ಬಾಗಿಲ ಮುಂದೆ ಕಾರಿಡಾರ್ ತುಂಬ ಜನ. ಎಲ್ಲರೂ ತಮ್ಮ ಎಡಭುಜವನ್ನು ಬಲಗೈಯಿಂದ ನಿಧಾನವಾಗಿ ತೀಡಿಕೊಳ್ಳುತ್ತ ನಿಂತಿದ್ದಾರೆ.

“ಎಂತದ್ದು, ಎಂತಾಯ್ತು?”

“ಇಲ್ಲಿ ಮರಗಟ್ಟಿದೆ,” ಎಂದರು ಇದಿನಬ್ಬ, ಬಾಗಿಲ ಕಡೆ ನೋಡುತ್ತಲೇ. “ಒಳಗೆ ಯಾರೂ ಇಲ್ಲ. ಅದಕ್ಕೆ ರಕ್ತ ಹೋಗುದಿಲ್ಲ.”

ಅವಳು ತಡೆಯುವ ಮೊದಲೇ ಬೀಗ ಒಡೆಯಿತು. ಒಳಗೆ ಏನನ್ನೂ ಕದಿಯಲಿಲ್ಲ. ಗುಡಿಸಿದರು, ಒರೆಸಿದರು, ಕಿಟಕಿ ತೆರೆದರು, ಸರದಿಯ ಮೇಲೆ ಒಬ್ಬೊಬ್ಬರು ಅಲ್ಲಿ ಹೋಗಿ ಕೂರತೊಡಗಿದರು. ಸುದ್ದಿ ತಿಳಿದು ಕುಂದರ್ ವಿಮಾನ ಹತ್ತಿ ಬಂದ. ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆಂದು ಕೂಗಾಡಿದ. ರಜೆ ಮುಗಿಯುವಷ್ಟರಲ್ಲಿ ಅವನ ಕೂಗು ನಿಂತಿತು. ರಜೆ ಮುಗಿದ ಮೇಲೂ ಅವನು ರಿಯಾದಿಗೆ ಹೋಗಲಿಲ್ಲ.

ಮೋನಪ್ಪನ ತಂಗಿಯ ಮಗಳಿಗೆ ಕಾರ್ಕಳದಲ್ಲಿ ಮದುವೆ. ಸೋದರಮಾವ ಹೋಗದಿದ್ದರೆ ಹೇಗೆ? ಹೊಸ ಪಂಚೆ ಉಟ್ಟು ಬಾಡಿಗೆ ಕಾರು ಹತ್ತಿದವನು ಗೇಟು ದಾಟಿದಾಗಿನಿಂದ ಬೆವರತೊಡಗಿದ. ಗುರುಪುರದ ಸೇತುವೆ ಬರುವಾಗ, “ನಿಲ್ಲಿಸ್ಲಿಕ್ಕೆ ಹೇಳು ವಾರಿಜ,” ಎಂದ. ಕೆಳಗಿಳಿದು ಕಟ್ಟೆ ಹಿಡಿದು ನಿಂತು ತನ್ನ ತೊಡೆಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಮುಖ ಬೂದಿಯಾಗಿತ್ತು.

“ನಂಗೆ ಕಾಲಿಲ್ಲ,” ಎಂದ.

“ಉಂಟಲ್ಲ, ನಿಂತಿದ್ದೀರಲ್ಲ!”

“ಇದು ನನ್ನದಲ್ಲ. ನನ್ನದು ಅಲ್ಲಿ ಉಂಟು.” ಬಂದ ದಾರಿಯ ಕಡೆ ಕೈ ತೋರಿಸಿದ. ಬಸ್ಸು ಹಿಡಿದು ಮದುವೆಗೆ ಹೋದದ್ದು ಅವಳೊಬ್ಬಳೇ. ಅವನನ್ನು ಕಾರು ಹಿಂದಕ್ಕೆ ಒಯ್ದಿತು. ಸಂಜೆ ಅವಳು ಮರಳಿದಾಗ ಅವನು ಮುಂಬಾಗಿಲ ಕಂಬಕ್ಕೆ ಕೆನ್ನೆ ಒರಗಿಸಿ ಕೂತಿದ್ದ. ಬಾಣಂತಿಯ ಮಡಿಲಿನ ಕೂಸಿನಂಥ ನೆಮ್ಮದಿ ಆ ಮುಖದಲ್ಲಿತ್ತು. ಅವಳ ಮಡಿಲಲ್ಲಿ ಅವನು ಎಂದೂ ಹಾಗೆ ಮಲಗಿರಲಿಲ್ಲ.

ಅವಳು ಸೀದಾ ಸ್ಟೋರ್ ರೂಮಿಗೆ ಹೋದಳು. ಲೋಬೊ ಯಂತ್ರಗಳ ನಡುವೆ ನೆಲದ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ಆಸ್ಪತ್ರೆಗೆ ಹೋಗುವುದನ್ನು ಅವರು ಯಾವಾಗಲೋ ನಿಲ್ಲಿಸಿದ್ದರೆಂದು ಆಗ ಅವಳಿಗೆ ತಿಳಿಯಿತು.

“ಸಾಕು ಡಾಕ್ಟ್ರೆ. ಇದನ್ನು ಬಂದ್ ಮಾಡಿ.”

“ಹೇಗೆ ಮಾಡುದು ವಾರಿಜಕ್ಕ?” ಅವರ ದನಿ ಮೆಲ್ಲಗಿತ್ತು. “ನಿಮ್ಮ ಕೈಯನ್ನು ನೀವೇ ಕಡ್ಕೊಳ್ತೀರಾ? ಇದು ಈಗ ಬರೀ ಯಂತ್ರ ಅಲ್ಲ. ಒಮ್ಮೆಲೇ ನಿಲ್ಲಿಸಿದ್ರೆ ಎಲ್ಲರ ನರವನ್ನೂ ಒಟ್ಟಿಗೆ ಕಡಿದ ಹಾಗೆ. ಯಾರದಾದ್ರೂ ಎದೆ ನಿಂತ್ರೆ? ಮೋನಪ್ಪಣ್ಣನದ್ದೇ ನಿಂತ್ರೆ?”

ಅವಳ ಕೈ ಸ್ವಿಚ್ಚಿನ ಹತ್ತಿರ ಹೋದದ್ದು ಹಾಗೇ ಹಿಂದೆ ಬಂತು. ಲೋಬೊ ಅವಳ ಪಾದಗಳನ್ನು ನೋಡಿದರು. ಆ ನೋಟದಲ್ಲಿ ಡಾಕ್ಟರ ಕನಿಕರವಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡವನ ಕಿರಿಕಿರಿ ಇತ್ತು.

ಅಲ್ಲಿಂದ ಅವಳು ಗಮನಿಸತೊಡಗಿದಳು. ಮೀಟಿಂಗಿನಲ್ಲಿ ಈಗ ಚರ್ಚೆ ಇರಲಿಲ್ಲ. ಅವಳು ವಿಷಯ ಓದುವ ಮೊದಲೇ ಕೈಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಮೆಟ್ಟಿಲಲ್ಲಿ ಎದುರಾದವರು ಅವಳನ್ನು ನೋಡಿ ನಗುತ್ತಿದ್ದರು, ಆದರೆ ದಾಟಿದ ಮೇಲೆ ಎಡಭುಜವನ್ನು ತೀಡಿಕೊಳ್ಳುತ್ತಿದ್ದರು. ದಿನಾ ಯಾರಾದರೊಬ್ಬರು ಅವಳ ಮನೆಗೆ ಬಂದು, ಏನೂ ಮಾತಾಡದೆ, ಅವಳ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಕುಂದರನ ಖಾಲಿ ಫ್ಲ್ಯಾಟಿನಲ್ಲಿ ಕೂರುತ್ತಿದ್ದ ಹಾಗೆಯೇ. ಇಡೀ ಕಟ್ಟಡಕ್ಕೆ ಈಗ ಮರಗಟ್ಟಿದ ಜಾಗ ಎಂದರೆ ತಾನೊಬ್ಬಳೇ ಎಂದು ಅವಳಿಗೆ ಅರಿವಾಯಿತು. ಊರೆಲ್ಲ ಮಲಗಿದ್ದಾಗ ಎಚ್ಚರವಿದ್ದವಳಿಗೆ ಈಗ ಊರೆಲ್ಲ ಎದ್ದಾಗ ಕರೆಯಿಲ್ಲ.

ಜೂನ್ ಬಂತು. ಕರಾವಳಿಯ ಮಳೆಗೆ ಹಿಂದುಮುಂದಿಲ್ಲ, ಹಿಡಿದದ್ದು ಬಿಡಲಿಲ್ಲ. ಎಲ್ಲರೂ ಬೆನ್ನು ಬಗ್ಗಿಸಿ ನಡೆಯತೊಡಗಿದರು. ಮೋನಪ್ಪ ರಾತ್ರಿಯಿಡೀ ಮಗ್ಗುಲು ಬದಲಿಸಿದ. ತಡೆಗೋಡೆಯ ನಡುವೆ ಬೆರಳು ಹೋಗುವಷ್ಟು ಬಿರುಕು ಕಂಡಿತು. ಇದನ್ನೇ ಅಲ್ಲವೇ ಅವಳು ವರ್ಷಗಟ್ಟಲೆ ಹೇಳಿಕೊಂಡು ಬಂದದ್ದು! ಈಗ ಎಲ್ಲರೂ ಕೇಳಿದರು. ಅಂದೇ ಇಂಜಿನಿಯರನ್ನು ಕರೆಸಿದರು, ತೂತುಗಳ ಹುಲ್ಲು ಕಿತ್ತರು, ಕೊಡೆ ಇಲ್ಲದೆ ಮಳೆಯಲ್ಲಿ ನಿಂತು ಮಣ್ಣು ತೆಗೆದರು. ಇಂಜಿನಿಯರು ಗೋಡೆಗೆ ಕಿವಿಯಿಟ್ಟು, ಅಳೆದು ನೋಡಿ ತಲೆಯಾಡಿಸಿದರು.

“ಗೋಡೆಯ ಹಿಂದೆ ನೀರು ಕಟ್ಟಿದೆ. ಈ ಮಳೆಗೆ ನಿಲ್ಲುದು ಕಷ್ಟ. ನೀವೆಲ್ಲ ಇವತ್ತೇ ಹೊರಡಿ, ಮಳೆಗಾಲ ಮುಗಿದ ಮೇಲೆ ಹೊಸತು ಕಟ್ಟುವ.”

ಎಲ್ಲರೂ ವಿನಯದಿಂದ ಕೇಳಿದರು, ಚಹಾ ಕೊಟ್ಟು ಕಳಿಸಿದರು. ಯಾರೂ ಹೊರಡಲಿಲ್ಲ. “ಬೆನ್ನನ್ನು ಇಲ್ಲಿ ಬಿಟ್ಟು ಎಲ್ಲಿಗೆ ಹೋಗುದು ಅಕ್ಕ?” ಎಂದು ಭಂಡಾರಿ ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ವಾರಿಜಾಕ್ಷಿ ಕಾರ್ಪೊರೇಶನ್ನಿಗೆ ಫೋನು ಮಾಡಿ ಮಾಡಿ ಸೋತು ಕೂತಿದ್ದಳು. ಇದ್ದಕ್ಕಿದ್ದಂತೆ ಎಲ್ಲ ಮಹಡಿಗಳ ಬಾಗಿಲುಗಳೂ ಒಂದೇ ಹೊತ್ತಿಗೆ ತೆರೆದ ಸದ್ದಾಯಿತು. ಊಟದ ತಟ್ಟೆಯ ಮುಂದಿನಿಂದ ಮೋನಪ್ಪ ಎದ್ದ. ಕೈ ತೊಳೆಯಲಿಲ್ಲ. ಅವಳು ಕರೆದಳು, ತಿರುಗಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಹಿತ್ತಿಲಿಗೆ ಬಗ್ಗಿ ನೋಡಿದಳು.

ತಡೆಗೋಡೆಯ ಉದ್ದಕ್ಕೂ ಅವರೆಲ್ಲ ಸಾಲಾಗಿ ನಿಂತಿದ್ದರು. ಗೋಡೆಗೆ ಬೆನ್ನು ಕೊಟ್ಟು, ಕಾಲುಗಳನ್ನು ಕೆಸರಿನಲ್ಲಿ ಊರಿ, ಕಣ್ಣು ಮುಚ್ಚಿ. ಮುದುಕಿಯರು, ಕಂಕುಳಲ್ಲಿ ಮಗು ಹೊತ್ತ ಹೆಂಗಸರು, ಲೋಬೊ, ಇದಿನಬ್ಬ, ಕುಂದರ್. ಅವರ ತಲೆಗಳ ಮೇಲೆ ಬಿರುಕಿನಿಂದ ಕೆಂಪು ನೀರು ಸುರಿಯುತ್ತಿತ್ತು. ಮೋನಪ್ಪ ಹೋಗಿ, ತನಗೆಂದೇ ಬಿಟ್ಟಂತಿದ್ದ ಜಾಗದಲ್ಲಿ ನಿಂತು ಬೆನ್ನು ಕೊಟ್ಟ.

ಅವಳು ಓಡಿದಳು. ಪಾದಕ್ಕೆ ನೆಲ ತಿಳಿಯದವಳು ಮೆಟ್ಟಿಲಲ್ಲಿ ಎರಡು ಸಲ ಬಿದ್ದು ಎದ್ದಳು.

“ಬನ್ನಿ ಈಚೆ! ಬೀಳ್ತದೆ ಅದು, ಬನ್ನಿ ಮಾರಾಯ್ರೆ!” ಗಂಡನ ತೋಳು ಹಿಡಿದು ಎಳೆದಳು. ಅವನು ಕಲ್ಲುಕಂಬ.

“ಒತ್ತಿ ಹಿಡಿದ್ರೆ ಕಮ್ಮಿ ಆಗ್ತದೆ ವಾರಿಜ,” ಎಂದ ಮೋನಪ್ಪ ಕಣ್ಣು ತೆರೆಯದೆ. ಅದೇ ಮಾತನ್ನು ಪಕ್ಕದವನ ತುಟಿಯೂ ಸದ್ದಿಲ್ಲದೆ ಆಡುತ್ತಿತ್ತು. ಅವನ ಪಕ್ಕದವಳ ತುಟಿಯೂ.

ಸ್ಟೋರ್ ರೂಮಿನ ಸ್ವಿಚ್ಚು ಆರಿಸಿದರೆ? ಅವರು ಅಲ್ಲೇ ಕುಸಿದು ಬಿದ್ದರೆ ಗೋಡೆ ಅವರ ಮೇಲೆಯೇ ಬರುತ್ತದೆ. ಕೂಗಿದರೆ ಕೇಳುವುದಿಲ್ಲ. ಎಳೆದರೆ ಬರುವುದಿಲ್ಲ. ಅವರಿಗೆ ತಿಳಿಯುವುದು ಒಂದೇ ಒಂದು, ಕಟ್ಟಡದ ನೋವು. ವಾರಿಜಾಕ್ಷಿಯ ಕಣ್ಣು ಹಿತ್ತಿಲಿನ ಮೂಲೆಯಲ್ಲಿ ಒರಗಿಸಿದ್ದ ಹಾರೆಯ ಮೇಲೆ ಬಿತ್ತು.

ಅದನ್ನೆತ್ತಿಕೊಂಡು ಅವಳು ಮುಂಭಾಗಕ್ಕೆ, ರಸ್ತೆಯ ಗೇಟಿನ ಹತ್ತಿರ ಹೋದಳು. ಅಲ್ಲಿ ನೆಲದಡಿಯ ಸಂಪಿನಿಂದ ಮೇಲೇರುವ ದಪ್ಪ ಪೈಪಿತ್ತು. ಅದರ ಸುತ್ತ ಲೋಬೊ ಕಟ್ಟಿದ ಸೆನ್ಸರುಗಳಿದ್ದವು. ಇದೇ ಪೈಪಿಗಾಗಿ ಅವಳು ಎಷ್ಟು ಮನೆಗಳ ಬೆಲ್ಲು ಒತ್ತಿದ್ದಳು! ಹಾರೆಯನ್ನು ತಲೆಯ ಮೇಲೆತ್ತಿ ಹೊಡೆದಳು.

ಹಿತ್ತಿಲಿನಿಂದ ಕಿರುಚು ಕೇಳಿಸಿತು. ಅಷ್ಟು ಗಂಟಲುಗಳಿಂದ ಬಂದರೂ ಅದು ಒಂದೇ ಕಿರುಚು. ಇನ್ನೊಮ್ಮೆ ಹೊಡೆದಳು. ಪೈಪು ಬಾಯಿಬಿಟ್ಟು ನೀರು ಆಳೆತ್ತರಕ್ಕೆ ಚಿಮ್ಮಿತು. ಮತ್ತೊಮ್ಮೆ. ಪ್ರತಿ ಏಟಿಗೂ ತನ್ನ ಗಂಡನನ್ನೇ ಹೊಡೆಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

ಕಟ್ಟಡದ ಎರಡೂ ಬದಿಯಿಂದ ಅವರು ಬಂದರು. ಓಡಿ ಬಂದು ಅವಳನ್ನು ಸುತ್ತುವರಿದರು. ಅವಳು ಪೆಟ್ಟು ಬೀಳುತ್ತದೆಂದು ಕಣ್ಣು ಮುಚ್ಚಿದಳು. ಯಾರೂ ಹೊಡೆಯಲಿಲ್ಲ. ಎಷ್ಟೋ ಕೈಗಳು ಮೆಲ್ಲಗೆ, ಗಾಯ ತುರಿಸಿಕೊಳ್ಳುವ ಮಗುವಿನ ಕೈ ಹಿಡಿಯುವಂತೆ, ಅವಳ ಕೈ ಹಿಡಿದವು. ಭಂಡಾರಿ ಹಾರೆಯನ್ನು ಬಿಡಿಸಿಕೊಂಡ. ಅವನ ಮುಖದ ಮೇಲೆ ಕಣ್ಣೀರು ಹರಿಯುತ್ತಿತ್ತು.

“ಎಂತಕ್ಕೆ ಅಕ್ಕ?” ಎಂದ. “ನಾವು ನಿಮಗೆ ಎಂತ ಮಾಡಿದ್ದೇವೆ?”

ಆಗ ಹಿಂದುಗಡೆ ನೆಲ ಗುಡುಗಿತು. ತಡೆಗೋಡೆ ಮಗುಚಿ, ಗುಡ್ಡೆಯ ಅರ್ಧ ಮೈ ಜಾರಿ, ನಿಲ್ಲಿಸಿದ್ದ ಕಾರುಗಳನ್ನೂ ಲೋಬೊ ಅವರ ಅಡುಗೆಮನೆಯನ್ನೂ ಮುಚ್ಚಿತು. ಗೇಟಿನ ಬಳಿ ನಿಂತವರೆಲ್ಲ ಸೊಂಟ ಮುರಿದವರಂತೆ ಒಟ್ಟಿಗೆ ಮುಂದಕ್ಕೆ ಬಿದ್ದರು. ನೀರು ಚಿಮ್ಮುವ ಸದ್ದಿನ ನಡುವೆ ನಿಂತಿದ್ದವಳು ವಾರಿಜಾಕ್ಷಿ ಒಬ್ಬಳೇ.

ಯಾರೂ ಸಾಯಲಿಲ್ಲ. ಅಗ್ನಿಶಾಮಕದವರು ಬಂದರು, ಕರೆಂಟು ಕಡಿದರು. ಅದರೊಂದಿಗೆ ಯಂತ್ರವೂ ನಿಂತಿತು. ಕೆಲವರನ್ನು ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು, ಎದೆ ಯಾರದೂ ನಿಲ್ಲಲಿಲ್ಲ. ವಾಸಕ್ಕೆ ಯೋಗ್ಯವಲ್ಲವೆಂದು ಕಾರ್ಪೊರೇಶನ್ನಿನವರು ಗೇಟಿಗೆ ಪಟ್ಟಿ ಬಿಗಿದರು. ಲೋಬೊ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಆಸ್ಪತ್ರೆಯ ಗೋದಾಮಿಗೆ ಸಾಗಿಸಿದರು. “ಮೈ ಕಲಿತದ್ದನ್ನು ಮೈಯೇ ಮರೀತದೆ. ಸ್ವಲ್ಪ ಸಮಯ ಕೊಡಿ,” ಎಂದರು. ಊರಿನ ಮೂಲೆ ಮೂಲೆಗಳಲ್ಲಿ ಬಾಡಿಗೆ ಮನೆ ಹಿಡಿದು ಎಲ್ಲರೂ ಚದುರಿದರು.

ಕುಳಾಯಿ ಎಂಬಲ್ಲಿ ಹಿಡಿದ ಬಾಡಿಗೆ ಮನೆಯಲ್ಲಿ ಮೋನಪ್ಪ ಕಿಟಕಿಯ ಬಳಿ ಕೂತಿರುತ್ತಿದ್ದ. ಕೊಟ್ಟದ್ದನ್ನು ತಿನ್ನುತ್ತಿದ್ದ. ಟಿವಿ ಹಚ್ಚಿದರೆ ಅದರ ಪಕ್ಕದ ಗೋಡೆಯನ್ನು ನೋಡುತ್ತಿದ್ದ. ವಾರಿಜಾಕ್ಷಿ ಅವನ ಕಾಲುಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. “ಗೊತ್ತಾಗ್ತದಾ?” ಎಂದರೆ, “ಯಾರದ್ದೋ ಕಾಲು ತಿಕ್ಕಿದ ಹಾಗೆ ಆಗ್ತದೆ,” ಎನ್ನುತ್ತಿದ್ದ. ಇದಿನಬ್ಬ ದಕ್ಕೆಗೆ ಹೋಗುತ್ತಿಲ್ಲವೆಂದು ಅವರ ಹೆಂಡತಿ ಫೋನಿನಲ್ಲಿ ಅತ್ತರು.

ಮಳೆ ಒಂದಿಷ್ಟು ಬಿಡುವು ಕೊಟ್ಟ ದಿನ, ವಾರಿಜಾಕ್ಷಿ ಔಷಧಿ ತಂದು ನೋಡುವಾಗ ಕಿಟಕಿಯ ಬಳಿ ಮೋನಪ್ಪ ಇರಲಿಲ್ಲ. ಎಲ್ಲಿ ಹೋದನೆಂದು ಅವಳು ಯಾರನ್ನೂ ಕೇಳಲಿಲ್ಲ. ರಿಕ್ಷಾ ಹಿಡಿದಳು.

ಪಡುಗುಡ್ಡೆ ಹೈಟ್ಸಿನ ಗೇಟಿನ ಪಟ್ಟಿ ಹರಿದು ಕೆಳಗೆ ಬಿದ್ದಿತ್ತು. ಅವರೆಲ್ಲ ಅಲ್ಲಿದ್ದರು. ಬಗ್ಗಿ, ಬುಟ್ಟಿಗಳಲ್ಲಿ, ತಟ್ಟೆಗಳಲ್ಲಿ, ಬರಿಗೈಯಲ್ಲಿ ಜಾರಿದ ಮಣ್ಣನ್ನು ಹೊರುತ್ತಿದ್ದರು. ಭಂಡಾರಿಯ ಉಗುರುಗಳಲ್ಲಿ ರಕ್ತವಿತ್ತು. ಒಬ್ಬರಿಗೊಬ್ಬರು ಡಿಕ್ಕಿಯಾಗುತ್ತಿರಲಿಲ್ಲ, ದಾರಿ ಬಿಡಿ ಎನ್ನುತ್ತಿರಲಿಲ್ಲ. ಎರಡು ಕೈ ಒಂದು ಕೆಲಸ ಮಾಡುವಂತೆ ಮಾಡುತ್ತಿದ್ದರು. ಅವಳು ಸ್ಟೋರ್ ರೂಮಿಗೆ ಹೋಗಿ ನೋಡಿದಳು. ಒಳಗೆ ಕಡಿದ ತಂತಿಗಳ ತುದಿಗಳು ಬಿಟ್ಟರೆ ಏನೂ ಇರಲಿಲ್ಲ.

“ಮೆಷಿನ್ ಇಲ್ಲಲ್ಲ ಡಾಕ್ಟ್ರೆ!” ಎಂದು ಲೋಬೊ ಅವರನ್ನು ತಡೆದು ನಿಲ್ಲಿಸಿದಳು. “ಇನ್ನು ಎಂತ ತಿಳಿಯುದು ನಿಮಗೆ?”

ಲೋಬೊ ಬುಟ್ಟಿ ಕೆಳಗಿಟ್ಟರು. ಒಂದು ಗಳಿಗೆ ಆ ಹಳೆಯ ಡಾಕ್ಟರು ಅವರ ಕಣ್ಣಿಗೆ ಬಂದು ಹೋದರು. “ಕಡಿದ ಕೈ ಕೂಡ ತುರಿಸ್ತದೆ ಅಂತ ನಾವು ಪಾಠ ಮಾಡುದುಂಟು ವಾರಿಜಕ್ಕ. ಅಷ್ಟು ನಂಗೆ ಅರ್ಥ ಆಗ್ತದೆ. ಆದ್ರೆ ಇಷ್ಟು ಜನಕ್ಕೆ, ಊರಿನ ಬೇರೆ ಬೇರೆ ಮೂಲೆಯಲ್ಲಿ ಇದ್ದವರಿಗೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ತುರಿಸುದು ಹೇಗೆ? ಇದು ನಾನು ಮಾಡಿದ್ದಲ್ಲ.” ಅವರು ಬುಟ್ಟಿ ಎತ್ತಿಕೊಂಡು ನಡೆದರು.

ಮೋನಪ್ಪ ಕೆಸರಿನಲ್ಲಿ ಮೊಣಕಾಲೂರಿ ಕೂತಿದ್ದ. ಅವಳು ಅವನನ್ನು ಎಬ್ಬಿಸಿ, ಸೆರಗಿನಿಂದ ಕೈ ಒರೆಸಿ, “ಮನೆಗೆ ಹೋಗುವ,” ಎಂದಳು. ಅವನು ಎದುರಾಡಲಿಲ್ಲ. ಅವಳ ಹೆಗಲ ಮೇಲೆ ಕೈಯಿಟ್ಟು ಗೇಟಿನವರೆಗೆ ಚೆನ್ನಾಗಿಯೇ ನಡೆದ. ಒಂದು ಹೆಜ್ಜೆ ರಸ್ತೆಗೆ ಇಟ್ಟನೋ ಇಲ್ಲವೋ, ಅವನ ಕಾಲು ಬಟ್ಟೆಯಂತೆ ಮಡಚಿಕೊಂಡಿತು. ಹಿಂದೆ ಕೆಲಸ ಮಾಡುತ್ತಿದ್ದವರೆಲ್ಲ ನಿಂತರು. ಅವರ ಮುಖಗಳಲ್ಲಿ ಸಿಟ್ಟಿರಲಿಲ್ಲ, ಬೆರಳು ಕತ್ತರಿಸಿಕೊಂಡವರ ನೋವಿತ್ತು.

ರಿಕ್ಷಾದವನು ಇಳಿದು ಬಂದು, “ಅಮ್ಮ, ಎತ್ತಿ ಹಾಕುವನಾ?” ಎಂದು ಕೇಳಿದ.

ವಾರಿಜಾಕ್ಷಿ ಗಂಡನ ಮುಖ ನೋಡಿದಳು. ಬೂದಿಯಾಗುತ್ತಿತ್ತು ಅದು. ಆಮೇಲೆ ರಿಕ್ಷಾದವನಿಗೆ ಬೇಡವೆಂದು ಕೈಯಾಡಿಸಿ, ಮೋನಪ್ಪನ ಕಂಕುಳಿಗೆ ತೋಳು ಕೊಟ್ಟು, ತಾನೇ ಅವನನ್ನು ಎಳೆದುಕೊಂಡು ಗೇಟಿನ ಒಳಗೆ ಬಂದಳು. ಒಳಗೆ ಬಂದದ್ದೇ ಅವನ ಉಸಿರು ಸರಿಯಾಯಿತು. ಅವಳ ಕೆನ್ನೆ ತಟ್ಟಿ, ಮಣ್ಣಿನ ಕಡೆ ನಡೆದ.

ಅವಳು ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಇವರಿಗೆ ಅಡುಗೆ ಯಾರು ಮಾಡುತ್ತಾರೆ, ಮಳೆ ಜೋರಾದರೆ ಎಲ್ಲಿ ಮಲಗುತ್ತಾರೆ ಎಂದು ಯೋಚಿಸಿದಳು. ಸಂಜೆಯ ಬಿಸಿಲು ಕಟ್ಟಡದ ನೆತ್ತಿಯ ಮೇಲಿತ್ತು. ಆಕಾಶ ತೊಳೆದಿಟ್ಟ ಹಾಗೆ ಶುಭ್ರವಾಗಿತ್ತು. ಕೆಲಸದ ಸದ್ದು ಲಯವಾಗಿ ಕೇಳುತ್ತಿತ್ತು: ಬಗ್ಗು, ತುಂಬು, ಎತ್ತು, ಸುರಿ. ಅದನ್ನೇ ಕೇಳುತ್ತ ಅವಳ ಕಣ್ಣು ಎಳೆಯತೊಡಗಿತು.

ಸದ್ದು ನಿಂತಿತು. ಅವಳು ಕಣ್ಣು ತೆರೆದಾಗ ಎಲ್ಲರೂ ಬುಟ್ಟಿ ಕೆಳಗಿಟ್ಟು, ಮುಖವನ್ನು ಗುಡ್ಡೆಯ ಮೇಲಿನ ಆಕಾಶಕ್ಕೆ ಎತ್ತಿ ನಿಂತಿದ್ದರು. ಭಂಡಾರಿ, ಇದಿನಬ್ಬ, ಲೋಬೊ, ಮೋನಪ್ಪ. ಯಾರೂ ಅಲುಗಲಿಲ್ಲ. ಅವರನ್ನು ಎಷ್ಟು ಹೊತ್ತು ನೋಡಿದಳೋ. ಆಮೇಲೆ ಅವಳಿಗೆ ತಿಳಿಯಿತು, ತಾನು ಮೆಟ್ಟಿಲ ಮೇಲೆ ಕೂತಿರಲಿಲ್ಲ. ಎದ್ದು, ಅಂಗಳಕ್ಕೆ ಇಳಿದು, ಗಂಡನ ಪಕ್ಕದಲ್ಲಿ ಮುಖವೆತ್ತಿ ನಿಂತಿದ್ದಳು. ಯಾವಾಗ ಎದ್ದಳು, ಯಾರು ಕರೆದರು, ನೆನಪಿರಲಿಲ್ಲ.

ಶುಭ್ರ ಆಕಾಶದಿಂದ ಮಳೆಯ ಮೊದಲ ಹನಿ ಬಿದ್ದದ್ದು ಆಮೇಲೆ.